ಇಪ್ಪತ್ತನೆಯ ಸಲ ಹೇಳುವ ತಾಳ್ಮೆ

ಅಮೆರಿಕದಲ್ಲಿ ಲಕ್ಷಾಂತರ ಮಕ್ಕಳು ಶಾಲೆಯ ಮೆಟ್ಟಿಲು ಹತ್ತದೆ ಮನೆಯಲ್ಲೇ ಓದುತ್ತಾರೆ. ಇವರಲ್ಲಿ ಕ್ರೈಸ್ತ ಕುಟುಂಬಗಳ ಪಾಲು ದೊಡ್ಡದು. ಅಪ್ಪ ಅಮ್ಮಂದಿರೇ ಮೇಷ್ಟ್ರಾಗುವ ಈ ಕೆಲಸಕ್ಕೆ ಬೇಕಾದದ್ದು ಪಾಂಡಿತ್ಯವೋ, ಪದವಿಯೋ ಅಥವಾ ಬೇರೆ ಏನಾದರೂ ಇದೆಯೋ?

ಅಮೆರಿಕದ ಊರುಗಳಲ್ಲಿ ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಹಳದಿ ಬಣ್ಣದ ಶಾಲಾ ಬಸ್ಸು ಬೀದಿ ಬೀದಿ ತಿರುಗಿ ಮಕ್ಕಳನ್ನು ಹತ್ತಿಸಿಕೊಳ್ಳುತ್ತದೆ. ಆದರೆ ಕೆಲವು ಮನೆಗಳ ಮುಂದೆ ಅದು ನಿಲ್ಲುವುದೇ ಇಲ್ಲ. ಹಾಗೆಂದು ಆ ಮನೆಗಳಲ್ಲಿ ಮಕ್ಕಳಿಲ್ಲವೆಂದಲ್ಲ. ತಿಂಡಿಯ ತಟ್ಟೆ ತೆಗೆದು ಒರೆಸಿದ ಮೇಜಿನ ಮೇಲೆಯೇ ಅಲ್ಲಿ ಪುಸ್ತಕಗಳು ತೆರೆದುಕೊಳ್ಳುತ್ತವೆ. ಹತ್ತು ವರ್ಷದ ಹುಡುಗ ಭಿನ್ನರಾಶಿಯ ಲೆಕ್ಕ ಮಾಡುತ್ತಿದ್ದರೆ ಆರು ವರ್ಷದ ತಂಗಿ ಅಕ್ಷರ ಕೂಡಿಸಿ ಓದುತ್ತಿರುತ್ತಾಳೆ. ಎರಡು ವರ್ಷದ ಕೂಸು ಮೇಜಿನ ಕೆಳಗೆ ಬಣ್ಣದ ಕಡ್ಡಿಗಳನ್ನು ಹರಡಿಕೊಂಡು ಕುಳಿತಿರುತ್ತದೆ. ಮೇಷ್ಟ್ರು, ಹೆಡ್‌ಮಾಸ್ತರು, ಜವಾನ ಈ ಮೂರೂ ಕೆಲಸ ಸಾಮಾನ್ಯವಾಗಿ ತಾಯಿಯ ಪಾಲಿಗೆ!

ಇದನ್ನೇ ಅಲ್ಲಿ ‘ಹೋಂ ಸ್ಕೂಲಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ಮನೆಶಾಲೆ ಎನ್ನಬಹುದು. ಅಮೆರಿಕ ಸರ್ಕಾರದ ಶಿಕ್ಷಣ ಅಂಕಿಅಂಶ ಕೇಂದ್ರದ ಅಂದಾಜಿನಂತೆ 1999ರಲ್ಲಿ ಸುಮಾರು ಎಂಟೂವರೆ ಲಕ್ಷ ಮಕ್ಕಳು ಹೀಗೆ ಮನೆಯಲ್ಲಿ ಓದುತ್ತಿದ್ದರು. 2016ರ ವೇಳೆಗೆ ಈ ಸಂಖ್ಯೆ ಸುಮಾರು 17 ಲಕ್ಷಕ್ಕೆ ಏರಿತ್ತು. ಕೊರೊನಾ ಕಾಲದಲ್ಲಂತೂ ದೊಡ್ಡ ನೆಗೆತವೇ ಆಯಿತು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿರುವ ಮನೆಗಳ ಪೈಕಿ 2020ರ ವಸಂತದಲ್ಲಿ ಶೇ 5.4ರಷ್ಟು ಮನೆಶಾಲೆ ನಡೆಸುತ್ತಿದ್ದವು. ಅದೇ ವರ್ಷದ ಶರತ್ಕಾಲಕ್ಕೆ ಅದು ಶೇ 11.1 ಆಯಿತೆಂದು ಜನಗಣತಿ ಇಲಾಖೆಯ ಸಮೀಕ್ಷೆ ಹೇಳಿತು.

ಇಂಥ ಮನೆಗಳೆಲ್ಲ ಒಂದೇ ಕಾರಣಕ್ಕೆ ಈ ದಾರಿ ಹಿಡಿದಿಲ್ಲ. ಶಾಲೆಯ ವಾತಾವರಣದ ಬಗ್ಗೆ ಭಯ, ಪಾಠದ ಗುಣಮಟ್ಟದ ಬಗ್ಗೆ ಅತೃಪ್ತಿ, ಮಗುವಿನ ವಿಶೇಷ ಅಗತ್ಯ ಹೀಗೆ ಕಾರಣಗಳು ಹಲವು. ಆದರೆ ಆರಂಭದಿಂದಲೂ ಈ ಚಳವಳಿಯ ಬೆನ್ನೆಲುಬಾಗಿ ನಿಂತವರು ಶ್ರದ್ಧಾವಂತ ಕ್ರೈಸ್ತ ಪೋಷಕರು. ದೇವರ ಮಾತನ್ನು ಮನೆಯಲ್ಲಿ ಕುಳಿತಾಗಲೂ, ದಾರಿಯಲ್ಲಿ ನಡೆಯುವಾಗಲೂ, ಮಲಗುವಾಗಲೂ, ಏಳುವಾಗಲೂ ಮಕ್ಕಳಿಗೆ ಕಲಿಸಬೇಕೆಂದು ಬೈಬಲಿನ ಧರ್ಮೋಪದೇಶಕಾಂಡ ಹೇಳುತ್ತದೆ. ಇದನ್ನು ಅವರು ತಮಗೇ ಹೇಳಿದ ಮಾತೆಂದು ತಿಳಿಯುತ್ತಾರೆ.

ಸಂಕಲ್ಪ ಮಾಡುವುದು ಸುಲಭ. ಫೆಬ್ರುವರಿ ತಿಂಗಳ ಚಳಿಯಲ್ಲಿ, ಮೂರನೆಯ ವಾರವೂ ಏಳರ ಮಗ್ಗಿ ತಪ್ಪುವ ಮಗುವಿನ ಎದುರು ಕುಳಿತಾಗ ಆ ಸಂಕಲ್ಪ ಉಳಿಯುವುದು ಕಷ್ಟ. ‘ನನ್ನ ಕೈಯಲ್ಲಿ ಇದು ಆಗುತ್ತದೆಯೇ? ಮಗುವಿನ ಭವಿಷ್ಯವನ್ನು ನಾನೇ ಹಾಳು ಮಾಡುತ್ತಿದ್ದೇನೆಯೇ?’ ಎಂಬ ಪ್ರಶ್ನೆ ಕಾಡದ ಮನೆಶಾಲೆಯ ತಾಯಿ ಇರಲಾರಳು. ಅಂಥವರು ಧೈರ್ಯಕ್ಕಾಗಿ ಮತ್ತೆ ಮತ್ತೆ ನೆನೆಯುವ ಹೆಸರೊಂದಿದೆ. ಅದು ಮುನ್ನೂರು ವರ್ಷ ಹಿಂದಿನ ಒಬ್ಬ ಇಂಗ್ಲಿಷ್ ತಾಯಿಯದು.

ಎಪ್‌ವರ್ತ್‌ನ ತಾಯಿ

ಸುಸಾನಾ ವೆಸ್ಲಿ ಹುಟ್ಟಿದ್ದು 1669ರಲ್ಲಿ. ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದ ಎಪ್‌ವರ್ತ್ ಎಂಬ ಸಣ್ಣ ಊರಿನ ಪಾದ್ರಿ ಸ್ಯಾಮ್ಯುಯೆಲ್ ವೆಸ್ಲಿಯ ಹೆಂಡತಿ. ಹೆತ್ತದ್ದು ಹತ್ತೊಂಬತ್ತು ಮಕ್ಕಳನ್ನು. ಅವರಲ್ಲಿ ಬದುಕಿ ದೊಡ್ಡವರಾದವರು ಸುಮಾರು ಅರ್ಧದಷ್ಟು ಮಾತ್ರ. ಮನೆಯಲ್ಲಿ ಸದಾ ಸಾಲದ ಕಾಟ. 1705ರಲ್ಲಿ ಗಂಡ ಸಾಲ ತೀರಿಸಲಾಗದೆ ಜೈಲು ಸೇರಿದ್ದೂ ಉಂಟು.

ಇಂಥ ಮನೆಯಲ್ಲಿ ಆಕೆ ಶಾಲೆ ನಡೆಸಿದಳು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಮಧ್ಯಾಹ್ನ ಎರಡರಿಂದ ಐದು, ದಿನಕ್ಕೆ ಆರು ಗಂಟೆ ಪಾಠ. ಮಗುವಿಗೆ ಐದು ತುಂಬಿದ ಮರುದಿನವೇ ಅಕ್ಷರಾಭ್ಯಾಸ. ಹೆಚ್ಚಿನ ಮಕ್ಕಳು ಒಂದೇ ದಿನದಲ್ಲಿ ಎಲ್ಲ ಅಕ್ಷರಗಳನ್ನು ಕಲಿತರೆ ಇಬ್ಬರು ಹೆಣ್ಣುಮಕ್ಕಳಿಗೆ ಒಂದೂವರೆ ದಿನ ಹಿಡಿಯಿತಂತೆ. ಅಕ್ಷರ ಬಂದ ಕೂಡಲೇ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯದಿಂದ ಓದು ಶುರು. ಚೆನ್ನಾಗಿ ಓದಲು ಬರುವವರೆಗೆ ಹೆಣ್ಣುಮಗುವಿನ ಕೈಗೆ ಹೊಲಿಗೆ ಕೆಲಸ ಕೊಡಬಾರದು ಎಂಬುದು ಆಕೆಯ ಇನ್ನೊಂದು ನಿಯಮ. ಹೆಣ್ಣಿಗೆ ಸೂಜಿ ದಾರ ಸಾಕು ಎನ್ನುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

1709ರ ಫೆಬ್ರುವರಿಯಲ್ಲಿ ಮನೆಗೆ ಬೆಂಕಿ ಬಿದ್ದು ಸರ್ವಸ್ವವೂ ಸುಟ್ಟುಹೋಯಿತು. ಐದು ವರ್ಷದ ಜಾನ್ ಮಹಡಿಯ ಕಿಟಕಿಯಿಂದ ಕೂದಲೆಳೆಯಲ್ಲಿ ಪಾರಾದ. ಹೊಸ ಮನೆ ಕಟ್ಟುವವರೆಗೆ ಮಕ್ಕಳು ಬೇರೆ ಬೇರೆ ಮನೆಗಳಿಗೆ ಹಂಚಿಹೋದರು. ಮರಳಿ ಬಂದಾಗ ಕಲಿತದ್ದು ಮರೆತಿತ್ತು, ಕಲಿಯಬಾರದ್ದು ಅಂಟಿತ್ತು. ತಾಯಿ ಮತ್ತೆ ಮೊದಲಿನಿಂದ ಆರಂಭಿಸಿದಳು. ಇಷ್ಟೇ ಅಲ್ಲ, ಪ್ರತಿ ಮಗುವಿಗೂ ವಾರದಲ್ಲಿ ಒಂದು ಸಂಜೆ ಮೀಸಲಿಟ್ಟಳು. ಆ ಸಂಜೆ ಆ ಮಗುವಿನೊಂದಿಗೆ ಮಾತ್ರ ಏಕಾಂತದ ಮಾತು. ಜಾನ್‌ನ ಪಾಲಿಗೆ ಬಂದದ್ದು ಗುರುವಾರ. ದೊಡ್ಡವನಾಗಿ ಮನೆ ಬಿಟ್ಟ ಮೇಲೂ ಆತ ಆ ಗುರುವಾರದ ಸಂಜೆಗಳನ್ನು ಮರೆಯಲಿಲ್ಲ.

ಈ ಜಾನ್ ವೆಸ್ಲಿಯೇ ಮುಂದೆ ಮೆಥಡಿಸ್ಟ್ ಪಂಥದ ಸ್ಥಾಪಕನಾದ. ತಮ್ಮ ಚಾರ್ಲ್ಸ್ ಸಾವಿರಾರು ಭಕ್ತಿಗೀತೆಗಳನ್ನು ರಚಿಸಿದ. ಮೈಸೂರಿನ ವೆಸ್ಲಿ ಮುದ್ರಣಾಲಯದ ಹೆಸರು ಕೇಳಿದ ಕನ್ನಡಿಗರಿಗೆ ಈ ಮನೆತನ ಪೂರ್ತಿ ಅಪರಿಚಿತವಲ್ಲ. ಆ ಹೆಸರಿನ ಹಿಂದಿರುವುದು ಇದೇ ಜಾನ್ ವೆಸ್ಲಿ.

ಜಾನ್ ತನ್ನ ಪ್ರವಚನವೊಂದರಲ್ಲಿ ಬಾಲ್ಯದ ಘಟನೆಯೊಂದನ್ನು ನೆನೆದಿದ್ದಾನೆ. ದಡ್ಡ ಮಗುವಿಗೆ ಒಂದೇ ವಿಷಯವನ್ನು ಇಪ್ಪತ್ತು ಸಲ ಹೇಳುವ ತಾಳ್ಮೆ ನಿನಗೆಲ್ಲಿಂದ ಬಂತು ಎಂದು ತಂದೆ ಕೇಳಿದನಂತೆ. ಹತ್ತೊಂಬತ್ತು ಸಲ ಹೇಳಿ ಬಿಟ್ಟಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತಿತ್ತಲ್ಲ ಎಂಬುದು ತಾಯಿಯ ಉತ್ತರ. ಮನೆಶಾಲೆಗೆ ಬೇಕಾದ ಬಂಡವಾಳ ಯಾವುದೆಂಬ ಪ್ರಶ್ನೆಗೂ ಇದೇ ಉತ್ತರ.

ಸುಸಾನಾ ಮಾಡಿದ್ದೆಲ್ಲವನ್ನೂ ಇಂದು ಅನುಸರಿಸಬೇಕಿಲ್ಲ. ಮಗುವಿನ ಹಟವನ್ನು ಎಳವೆಯಲ್ಲೇ ಮುರಿಯಬೇಕು, ಅದಕ್ಕೆ ಬೆತ್ತದ ಭಯವಿರಬೇಕು ಎಂದು ಆಕೆ ನಂಬಿದ್ದಳು. ಅದು ಆ ಕಾಲದ ನಂಬಿಕೆ, ಅಲ್ಲಿಗೇ ಬಿಡುವುದು ಲೇಸು. ಉಳಿಸಿಕೊಳ್ಳಬೇಕಾದದ್ದು ಆ ಇಪ್ಪತ್ತನೆಯ ಸಲ ಮತ್ತು ಗುರುವಾರದ ಸಂಜೆ.

ಕೋರ್ಟಿನ ಮೆಟ್ಟಿಲು

ಇಂದಿನ ಅಮೆರಿಕನ್ ಪೋಷಕರಿಗೆ ಈ ಸ್ವಾತಂತ್ರ್ಯ ಸುಮ್ಮನೆ ದಕ್ಕಿದ್ದಲ್ಲ. ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕೆಂದು ಆರೆಗಾನ್ ರಾಜ್ಯ ಮಾಡಿದ್ದ ಕಾನೂನನ್ನು 1925ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಮಗು ಕೇವಲ ಸರ್ಕಾರದ ಸೊತ್ತಲ್ಲ, ಅದನ್ನು ಬೆಳೆಸುವ ದಾರಿ ಆರಿಸುವ ಹಕ್ಕು ತಂದೆತಾಯಿಗೂ ಇದೆ ಎಂಬುದು ಆ ತೀರ್ಪಿನ ತಿರುಳು. 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಆಮಿಷ್ ಪಂಥದವರ ಮೊಕದ್ದಮೆ ಬಂತು. ಎಂಟನೆಯ ತರಗತಿಯ ನಂತರ ಮಕ್ಕಳನ್ನು ಶಾಲೆಗೆ ಕಳುಹಿಸದೆ ಹೊಲ ಮನೆಯ ಕೆಲಸ ಕಲಿಸುವ ಅವರ ಧಾರ್ಮಿಕ ಹಕ್ಕನ್ನು ಅದೇ ಕೋರ್ಟ್ ಎತ್ತಿಹಿಡಿಯಿತು. ಈ ಎರಡೂ ತೀರ್ಪು ಮನೆಶಾಲೆಯ ಬಗ್ಗೆಯೇ ಬಂದವಲ್ಲ. ಆದರೂ ಮುಂದಿನವರಿಗೆ ಊರುಗೋಲಾದವು.

ಎಂಬತ್ತರ ದಶಕದಲ್ಲೂ ಹಲವು ರಾಜ್ಯಗಳಲ್ಲಿ ಪೋಷಕರು ಮೊಕದ್ದಮೆ ಎದುರಿಸಬೇಕಾಯಿತು. ಅವರ ಪರ ವಾದಿಸಲೆಂದೇ ಮೈಕೇಲ್ ಫ್ಯಾರಿಸ್ ಮತ್ತು ಮೈಕ್ ಸ್ಮಿತ್ ಎಂಬ ಇಬ್ಬರು ವಕೀಲರು 1983ರಲ್ಲಿ ಮನೆಶಾಲೆ ಕಾನೂನು ರಕ್ಷಣಾ ಸಂಘವನ್ನು ಕಟ್ಟಿದರು. ಶಿಕ್ಷಕ ಪ್ರಮಾಣಪತ್ರವಿಲ್ಲದೆ ಮಕ್ಕಳಿಗೆ ಪಾಠ ಹೇಳಿದ ತಪ್ಪಿಗೆ ಶಿಕ್ಷೆಗೊಳಗಾದ ಮಿಷಿಗನ್‌ನ ಕ್ರೈಸ್ತ ದಂಪತಿಯ ಪರ ಆ ರಾಜ್ಯದ ಸುಪ್ರೀಂ ಕೋರ್ಟ್ 1993ರಲ್ಲಿ ತೀರ್ಪು ಕೊಟ್ಟಿತು. ಆ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಮನೆಶಾಲೆಗೆ ಕಾನೂನಿನ ಮನ್ನಣೆ ದೊರೆತಿತ್ತು.

ನಿಯಮಗಳು ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಲ್ಲಿ ಸರ್ಕಾರಕ್ಕೆ ಹೆಸರು ನೋಂದಾಯಿಸುವ ಅಗತ್ಯವೂ ಇಲ್ಲ. ಓದು, ಕಾಗುಣಿತ, ವ್ಯಾಕರಣ, ಗಣಿತ ಮತ್ತು ಪೌರನೀತಿಯನ್ನು ಪ್ರಾಮಾಣಿಕವಾಗಿ ಕಲಿಸಿದರೆ ಸಾಕು. ನ್ಯೂಯಾರ್ಕ್‌ನಲ್ಲಾದರೆ ವರ್ಷದ ಪಾಠದ ಯೋಜನೆಯನ್ನೂ ಮೂರು ತಿಂಗಳಿಗೊಮ್ಮೆ ವರದಿಯನ್ನೂ ಸಲ್ಲಿಸಬೇಕು.

ಮನೆ ಮನೆಯಾಗಿಯೇ ಇರಲಿ

ಹೊಸದಾಗಿ ಆರಂಭಿಸುವ ಪೋಷಕರು ಮಾಡುವ ದೊಡ್ಡ ತಪ್ಪೆಂದರೆ ಮನೆಯನ್ನು ಶಾಲೆಯ ನಕಲು ಮಾಡಹೊರಡುವುದು. ಗೋಡೆಗೆ ಕಪ್ಪು ಹಲಗೆ, ಮೇಜಿನ ಮೇಲೆ ಗಂಟೆ, ನಲವತ್ತು ನಿಮಿಷಕ್ಕೊಂದು ಪೀರಿಯಡ್. ಎರಡು ತಿಂಗಳಲ್ಲಿ ತಾಯಿಗೂ ಸುಸ್ತು, ಮಗುವಿಗೂ ಬೇಸರ. ನಲವತ್ತು ಮಕ್ಕಳನ್ನು ಸಂಭಾಳಿಸಲು ಶಾಲೆ ಮಾಡಿಕೊಂಡ ಏರ್ಪಾಡು ಮೂರು ಮಕ್ಕಳ ಮನೆಗೆ ಯಾಕೆ ಬೇಕು?

ಈ ಮಾತನ್ನು ಗಟ್ಟಿಯಾಗಿ ಹೇಳಿದವರು ರೇಮಂಡ್ ಮತ್ತು ಡೊರೊತಿ ಮೂರ್ ದಂಪತಿ. ಇಬ್ಬರೂ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಗೆ ಸೇರಿದ ಶಿಕ್ಷಣತಜ್ಞರು. ಎಳೆಯ ಮಕ್ಕಳನ್ನು ಅವಸರದಿಂದ ಪಾಠಕ್ಕೆ ಕೂಡಿಸುವುದಕ್ಕಿಂತ ತಡವಾಗಿ ಆರಂಭಿಸುವುದೇ ಮೇಲು ಎಂದು 1975ರಲ್ಲಿ ಬಂದ ಪುಸ್ತಕದಲ್ಲಿ ಅವರು ವಾದಿಸಿದರು. ಎಂಬತ್ತರ ದಶಕದಲ್ಲಿ ಕ್ರೈಸ್ತ ರೇಡಿಯೊ ಕಾರ್ಯಕ್ರಮಗಳ ಮೂಲಕ ಅವರ ಮಾತು ಮನೆಮನೆಗೆ ಮುಟ್ಟಿತು. ಅವರ ಸೂತ್ರದಲ್ಲಿ ಮೂರು ಅಂಶಗಳು: ವಯಸ್ಸಿಗೆ ತಕ್ಕಷ್ಟು ಓದು, ಓದಿನಷ್ಟೇ ಹೊತ್ತು ಕೈಕೆಲಸ, ಜೊತೆಗೆ ಮನೆಗೋ ನೆರೆಯವರಿಗೋ ಒಂದಿಷ್ಟು ಸೇವೆ.

ಇನ್ನೊಂದು ದಾರಿ ಇಂಗ್ಲೆಂಡಿನ ಷಾರ್ಲೆಟ್ ಮೇಸನ್ (1842–1923) ಅವರದು. ಚಿಕ್ಕ ಮಕ್ಕಳಿಗೆ ಒಂದು ಪಾಠ ಹದಿನೈದು ಇಪ್ಪತ್ತು ನಿಮಿಷ ಮೀರಬಾರದು. ಒಣ ಪಠ್ಯದ ಬದಲು ವಿಷಯವನ್ನು ಪ್ರೀತಿಸುವವರು ಬರೆದ ಜೀವಂತ ಪುಸ್ತಕ ಓದಬೇಕು. ಒಮ್ಮೆ ಓದಿ ಕೇಳಿಸಿದ್ದನ್ನು ಮಗು ತನ್ನದೇ ಮಾತಿನಲ್ಲಿ ತಿರುಗಿ ಹೇಳಬೇಕು. ದಿನವೂ ಹೊರಗೆ ಅಡ್ಡಾಡಿ ಕಂಡ ಹೂವು, ಹಕ್ಕಿ, ಹುಳುವಿನ ಚಿತ್ರ ಬರೆದು ಪ್ರಕೃತಿ ಪುಸ್ತಕ ತುಂಬಬೇಕು. ಪ್ರಶ್ನೆಪತ್ರಿಕೆಯಿಲ್ಲದೆಯೂ ಮಗುವಿಗೆ ಎಷ್ಟು ತಿಳಿದಿದೆ ಎಂದು ತಿರುಗಿ ಹೇಳಿಸುವುದರಿಂದ ಗೊತ್ತಾಗಿಬಿಡುತ್ತದೆ. ಖರ್ಚೂ ಇಲ್ಲ.

ಎಲ್ಲ ವಿಷಯವನ್ನೂ ಬೇರೆ ಬೇರೆ ಕಲಿಸಬೇಕೆಂದೂ ಇಲ್ಲ. ಬೈಬಲ್, ಚರಿತ್ರೆ, ಕಥೆ ಇವನ್ನು ಎಲ್ಲ ವಯಸ್ಸಿನ ಮಕ್ಕಳನ್ನೂ ಸುತ್ತ ಕೂರಿಸಿಕೊಂಡು ಒಟ್ಟಿಗೇ ಓದಬಹುದು. ಗಣಿತ ಮತ್ತು ಭಾಷೆ ಮಾತ್ರ ಅವರವರ ಮಟ್ಟಕ್ಕೆ ತಕ್ಕಂತೆ ಬೇರೆ. ದೊಡ್ಡ ಮಗು ಚಿಕ್ಕದಕ್ಕೆ ಓದಿಸಿದರೆ ಇಬ್ಬರಿಗೂ ಲಾಭ.

ಕೈಸೋತ ದಿನ

ಇಷ್ಟೆಲ್ಲ ತಿಳಿದಿದ್ದರೂ ಕೈಸೋಲುವ ದಿನಗಳು ಬಂದೇ ಬರುತ್ತವೆ. ಅಂಥ ದಿನ ಪೋಷಕರು ನೆನಪಿಡಬೇಕಾದ ಕೆಲವು ಮಾತುಗಳಿವೆ.

ಮೊದಲನೆಯದು, ಒಂದು ದಿನ ಪಾಠ ಕೆಟ್ಟರೆ ವರ್ಷ ಕೆಡುವುದಿಲ್ಲ. ಪುಸ್ತಕ ಮುಚ್ಚಿ ಹೊರಗೆ ನಡೆದುಬರಬಹುದು. ಯಾರೂ ಮೇಲಧಿಕಾರಿಗೆ ದೂರು ಕೊಡುವುದಿಲ್ಲ! ಕಣ್ಣೀರು ಸುರಿಸುತ್ತ ಕಲಿತ ಭಾಗಾಕಾರಕ್ಕಿಂತ ನಾಳೆ ನಗುತ್ತ ಕಲಿತ ಭಾಗಾಕಾರ ಹೆಚ್ಚು ದಿನ ಉಳಿಯುತ್ತದೆ.

ಎರಡನೆಯದು, ಹೋಲಿಕೆ ಬೇಡ. ಪಕ್ಕದ ಮನೆಯ ಮಗು ನಾಲ್ಕು ವರ್ಷಕ್ಕೇ ಓದಿತು, ನಮ್ಮದು ಏಳಾದರೂ ತಡವರಿಸುತ್ತದೆ ಎಂಬ ಕೊರಗು ತಾಯಿಯಿಂದ ಮಗುವಿಗೆ ಬೇಗ ದಾಟುತ್ತದೆ. ಆದರೆ ತಡವೆಂಬುದು ಬೇರೆ, ತೊಂದರೆಯೆಂಬುದು ಬೇರೆ. ಅಕ್ಷರ ತಿರುಗುಮುರುಗು ಕಾಣುತ್ತಲೇ ಇದ್ದರೆ, ಹಲಗೆ ನೋಡಲು ಕಣ್ಣು ಕಿರಿದು ಮಾಡುತ್ತಿದ್ದರೆ ತಾಳ್ಮೆಯ ಹೆಸರಿನಲ್ಲಿ ಕಾಯದೆ ವೈದ್ಯರಿಗೆ ಅಥವಾ ತಜ್ಞರಿಗೆ ತೋರಿಸಬೇಕು.

ಮೂರನೆಯದು, ತಮಗೆ ಗೊತ್ತಿಲ್ಲದ್ದನ್ನು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ತಾಯಿಗೆ ಬೀಜಗಣಿತ ಬಾರದಿದ್ದರೆ ಮಗುವಿನೊಂದಿಗೇ ಕಲಿಯಬಹುದು. ಅದೂ ಆಗದಿದ್ದರೆ ಬಲ್ಲವರ ಬಳಿ ಕಳುಹಿಸಬಹುದು. ಅಮೆರಿಕದಲ್ಲಿ ಹತ್ತಾರು ಕುಟುಂಬಗಳು ವಾರಕ್ಕೊಮ್ಮೆ ಚರ್ಚಿನ ಸಭಾಂಗಣದಲ್ಲಿ ಸೇರುವ ಸಹಕಾರಿ ಕೂಟಗಳಿವೆ. ಒಬ್ಬ ತಾಯಿ ರಸಾಯನಶಾಸ್ತ್ರ, ಇನ್ನೊಬ್ಬರು ಸಂಗೀತ, ಮತ್ತೊಬ್ಬ ತಂದೆ ಮರಗೆಲಸ ಹೀಗೆ ಬಲ್ಲದ್ದನ್ನು ಹಂಚಿಕೊಳ್ಳುತ್ತಾರೆ. ದೊಡ್ಡ ಮಕ್ಕಳು ಊರಿನ ಸಮುದಾಯ ಕಾಲೇಜಿನಲ್ಲಿ ಒಂದೆರಡು ವಿಷಯ ಓದುವುದೂ ಉಂಟು.

ನಾಲ್ಕನೆಯದು ತಂದೆಯರಿಗೆ. ಒಬ್ಬರ ದುಡಿಮೆಯಲ್ಲಿ ಸಂಸಾರ ನಡೆಸಿ ಇನ್ನೊಬ್ಬರು ಪಾಠಕ್ಕೆ ಕೂರುವ ಏರ್ಪಾಡು ಬಹುಪಾಲು ಮನೆಗಳದ್ದು. ದುಡಿದು ತಂದುಹಾಕಿದೆ, ನನ್ನ ಕೆಲಸ ಮುಗಿಯಿತು ಎಂದು ತಂದೆ ಕೈತೊಳೆದುಕೊಂಡರೆ ಮನೆಶಾಲೆ ಹೆಚ್ಚು ಕಾಲ ಉಳಿಯದು. ರಾತ್ರಿ ಕಥೆ ಓದುವುದು, ಶನಿವಾರ ಗಣಿತ ನೋಡುವುದು, ತಾಯಿಗೆ ವಾರದಲ್ಲಿ ಅರ್ಧ ದಿನ ಬಿಡುವು ಕೊಡುವುದು ಇವು ಉಪಕಾರಗಳಲ್ಲ, ಪಾಲುದಾರಿಕೆ.

ಬಾವಿಯ ಕಪ್ಪೆಯಾಗುತ್ತವೆಯೇ?

ಮನೆಯಲ್ಲೇ ಓದಿದ ಮಕ್ಕಳು ನಾಲ್ಕು ಜನರೊಡನೆ ಬೆರೆಯುವುದು ಹೇಗೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಕೆಲವು ಉದಾಹರಣೆಗಳನ್ನು ನೋಡಬಹುದು. ಅಮೆರಿಕದ ರಾಷ್ಟ್ರಮಟ್ಟದ ಸ್ಪೆಲ್ಲಿಂಗ್ ಬೀ ಸ್ಪರ್ಧೆಯಲ್ಲಿ 1997ರಲ್ಲಿ ಮೊದಲ ಬಾರಿಗೆ ಮನೆಶಾಲೆಯ ಹುಡುಗಿಯೊಬ್ಬಳು ಗೆದ್ದಳು. 2000ದಲ್ಲಿ ಗೆದ್ದ ಭಾರತೀಯ ಮೂಲದ ಹನ್ನೆರಡು ವರ್ಷದ ಜಾರ್ಜ್ ತಂಪಿ ಸಹ ಮನೆಶಾಲೆಯವನೇ. ಅದೇ ವರ್ಷ ರಾಷ್ಟ್ರೀಯ ಭೂಗೋಳ ಸ್ಪರ್ಧೆಯಲ್ಲಿ ಅವನಿಗೆ ಎರಡನೆಯ ಸ್ಥಾನವೂ ಬಂದಿತ್ತು. ಬ್ಯಾಪ್ಟಿಸ್ಟ್ ಮಿಷನರಿ ದಂಪತಿಯ ಮಗ ಟಿಮ್ ಟೀಬೋ ಮನೆಯಲ್ಲಿ ಓದುತ್ತಲೇ, ಮನೆಶಾಲೆಯ ಮಕ್ಕಳಿಗೂ ಶಾಲಾ ತಂಡಗಳಲ್ಲಿ ಆಡಲು ಅವಕಾಶ ಕೊಟ್ಟ ಫ್ಲೋರಿಡಾ ರಾಜ್ಯದ 1996ರ ಕಾನೂನಿನ ನೆರವಿನಿಂದ ಶಾಲಾ ತಂಡದಲ್ಲಿ ಆಡಿದ. 2007ರಲ್ಲಿ ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಹೈಸ್‌ಮನ್ ಪ್ರಶಸ್ತಿ ಅವನದಾಯಿತು.

ಆದರೆ ಬೆರಳೆಣಿಕೆಯ ಗೆಲುವುಗಳನ್ನು ಕಂಡು ಮೈಮರೆಯುವಂತಿಲ್ಲ. ಮನೆಶಾಲೆಯ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಅಂಕಗಳನ್ನು ಲಾರೆನ್ಸ್ ರಡ್ನರ್ ಎಂಬ ಸಂಶೋಧಕರು 1999ರಲ್ಲಿ ಪ್ರಕಟಿಸಿದರು. ಆ ಮಕ್ಕಳ ಅಂಕ ರಾಷ್ಟ್ರೀಯ ಮಟ್ಟಕ್ಕಿಂತ ಸಾಕಷ್ಟು ಮೇಲಿತ್ತು. ಆದರೆ ಅವರು ತಾವಾಗಿ ಮುಂದೆ ಬಂದು ಪರೀಕ್ಷೆ ಬರೆದವರು. ಆದ್ದರಿಂದ ಮನೆಶಾಲೆಯೇ ಶಾಲೆಗಿಂತ ಮೇಲೆಂದು ಇದರಿಂದ ತೀರ್ಮಾನಿಸಬಾರದೆಂದು ರಡ್ನರ್ ಅವರೇ ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಮರೆತು ಅಂಕವನ್ನಷ್ಟೇ ಡಂಗುರ ಸಾರಿದವರು ಕಡಿಮೆಯಿಲ್ಲ.

ನಾಣ್ಯದ ಇನ್ನೊಂದು ಮುಖವನ್ನು ತೋರಿಸಿದವರು ಮನೆಶಾಲೆಯಲ್ಲೇ ಓದಿ ಬೆಳೆದವರು. ಅವರಲ್ಲಿ ಕೆಲವರು 2013ರಲ್ಲಿ ಸೇರಿ ಒಂದು ಸಂಘ ಕಟ್ಟಿದರು. ಎಲ್ಲ ಮನೆಗಳೂ ಸುಸಾನಾಳ ಮನೆಯಲ್ಲ, ಪಾಠವೇ ಇಲ್ಲದೆ ವರ್ಷಗಳು ಕಳೆದ ಮಕ್ಕಳಿದ್ದಾರೆ, ಏಟು ತಿಂದರೂ ಹೊರಗಿನವರ ಕಣ್ಣಿಗೆ ಬೀಳದ ಮಕ್ಕಳಿದ್ದಾರೆ ಎಂದರು. ವರ್ಷಕ್ಕೊಮ್ಮೆಯಾದರೂ ಹೊರಗಿನವರೊಬ್ಬರು ಮಗುವನ್ನು ಕಂಡು ಕಲಿಕೆಯನ್ನು ನೋಡಬೇಕೆಂಬುದು ಅವರ ಬೇಡಿಕೆ. ಅದನ್ನು ನಂಬಿಕೆಯ ಮೇಲಿನ ದಾಳಿಯೆಂದು ಕಾಣಬೇಕಿಲ್ಲ. ಚೆನ್ನಾಗಿ ಓದಿಸುವ ಪೋಷಕರಿಗೆ ಹೊರಗಿನ ಕಣ್ಣಿನಿಂದ ಆಗುವ ನಷ್ಟವೇನು? ತಾವು ಕಾಣದ ಕೊರತೆ ಬೇರೆಯವರಿಗೆ ಕಂಡರೆ ಲಾಭ ಮಗುವಿಗೇ ಅಲ್ಲವೇ?

ಮಗುವಿನ ಮಾತಿಗೂ ಕಿವಿಗೊಡಬೇಕು. ಹದಿಮೂರು ವರ್ಷದ ಮಗಳು ಶಾಲೆಗೆ ಹೋಗುತ್ತೇನೆ ಎಂದರೆ ಅದು ತಾಯಿಯ ಸೋಲಲ್ಲ. ಜಾನ್ ವೆಸ್ಲಿ ಕೂಡ ಹತ್ತನೆಯ ವಯಸ್ಸಿನಲ್ಲಿ ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಗೆ ಹೋದ. ಮನೆಯಲ್ಲಿ ಕಲಿತದ್ದು ಅದರಿಂದ ಅಳಿಸಿಹೋಗಲಿಲ್ಲ.

ಭಾರತದ ಮಾತು

ಬೇರೆ ದೇಶಗಳಲ್ಲಿ ಪರಿಸ್ಥಿತಿ ಬೇರೆ. ಜರ್ಮನಿಯಲ್ಲಿ ಧರ್ಮದ ಕಾರಣಕ್ಕೂ ಮನೆಶಾಲೆಗೆ ಅನುಮತಿಯಿಲ್ಲ. ಅದನ್ನು ಪ್ರಶ್ನಿಸಿದ ಕ್ರೈಸ್ತ ಕುಟುಂಬದ ಅರ್ಜಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2006ರಲ್ಲಿ ಒಪ್ಪಲಿಲ್ಲ. ಭಾರತದಲ್ಲಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲಾ ಶಿಕ್ಷಣದ ಹಕ್ಕು ಕೊಟ್ಟಿದೆ. ಮನೆಶಾಲೆಗೆಂದೇ ಅದರಲ್ಲಿ ಪ್ರತ್ಯೇಕ ನಿಯಮಗಳಿಲ್ಲ. ಮನೆಯಲ್ಲಿ ಓದಿದವರು ಹತ್ತು ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷೆಯನ್ನು, 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಬರೆಯುವ ದಾರಿ ಇದೆ. ಕೋಟ್ಯಂತರ ಮಕ್ಕಳಿಗೆ ಶಾಲೆಯೇ ಬಿಡುಗಡೆಯ ಬಾಗಿಲಾಗಿರುವ ನಾಡಿನಲ್ಲಿ ಅಮೆರಿಕದ ದಾರಿಯನ್ನು ಕಣ್ಣುಮುಚ್ಚಿ ಹಿಡಿಯಬೇಕೆಂದು ಯಾರೂ ಹೇಳಲಾರರು.

ಆದರೂ ಆ ಅಡುಗೆಮನೆಗಳಿಂದ ಕಲಿಯುವುದಕ್ಕೆ ಮಕ್ಕಳನ್ನು ಶಾಲೆಯಿಂದ ಬಿಡಿಸಬೇಕಾಗಿಲ್ಲ. ಇಂದು ಶಾಲೆಯಲ್ಲಿ ಕೇಳಿದ ಪಾಠವನ್ನು ಊಟದ ಹೊತ್ತಿಗೆ ತನ್ನ ಮಾತಿನಲ್ಲಿ ಹೇಳೆಂದು ಮಗುವನ್ನು ಕೇಳಬಹುದು. ತಪ್ಪಿದ ಲೆಕ್ಕವನ್ನು ಸಿಡುಕದೆ ಮತ್ತೊಮ್ಮೆ ಹೇಳಿಕೊಡಬಹುದು. ಟ್ಯೂಷನ್ನಿಗೆ ಕಳುಹಿಸಿ ಹಣ ಕಟ್ಟಿದರೆ ಹೊಣೆ ತೀರಿತೆಂದುಕೊಂಡಿರುವ ತಂದೆತಾಯಿ ವಾರದಲ್ಲಿ ಒಂದು ಸಂಜೆ ಟಿ.ವಿ., ಮೊಬೈಲು ಆರಿಸಿಟ್ಟು ಒಂದು ಮಗುವಿನೊಂದಿಗೆ ಮಾತ್ರ ಕುಳಿತು ನೋಡಲಿ. ಅಂಕಪಟ್ಟಿಯಲ್ಲಿ ಕಾಣದ ಎಷ್ಟೋ ಸಂಗತಿಗಳು ಆ ಒಂದು ಗಂಟೆಯಲ್ಲಿ ತಿಳಿಯುತ್ತವೆ. ವಿದ್ಯಾರ್ಥಿಗಳು ಸಹ ಅಪ್ಪ ಅಮ್ಮ ಹೇಳಿದ್ದನ್ನೇ ಹೇಳುತ್ತಾರೆ ಎಂದು ಗೊಣಗುವ ಮುನ್ನ, ಅದು ಎಷ್ಟನೆಯ ಸಲ ಎಂದು ಒಮ್ಮೆ ಎಣಿಸಿಕೊಳ್ಳುವುದು ಒಳ್ಳೆಯದು.